ಇವರಿಬ್ಬರೂ ಒಬ್ಬರೇ? ಮುಖ ಗುರುತಿಸುವ ಫೋಟೊ ಆ್ಯಪ್ ಜೊತೆ ನಾಲ್ಕು ತಿಂಗಳು

ಮೊಬೈಲಿನ ಪರದೆಯ ಮೇಲೆ ಎರಡು ವೃತ್ತಗಳು. ಎಡಗಡೆಯದರಲ್ಲಿ ನಾನು. ವಯಸ್ಸು ಮೂವತ್ತರ ಆಸುಪಾಸು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೇನೆ. ಬಲಗಡೆಯದರಲ್ಲಿ ನನ್ನ ಸೋದರತ್ತೆ, ಅಪ್ಪನ ಅಕ್ಕ. ಕೆಳಗೆ ಒಂದು ಪ್ರಶ್ನೆ: ‘ಅದೇ ವ್ಯಕ್ತಿ ಅಥವಾ ವಿಭಿನ್ನ ವ್ಯಕ್ತಿ?’ ಅದರ ಕೆಳಗೆ ಮೂರು ಗುಂಡಿಗಳು: ಹೌದು, ಇಲ್ಲ, ಖಚಿತವಿಲ್ಲ. ‘ಇಲ್ಲ’ ಒತ್ತಿದೆ. ವಾರ ಬಿಟ್ಟು ಬೇರೆ ಎರಡು ಚಿತ್ರ ಹಿಡಿದುಕೊಂಡು ಬಂದು ಅದೇ ಪ್ರಶ್ನೆ ಕೇಳಿತು. ಮತ್ತೆ ‘ಇಲ್ಲ’. ಮೂರನೆಯ ಸಲ ಕೇಳಿದಾಗ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ ಎದ್ದು ಹೋದೆ. ಐವತ್ತು ವರ್ಷ ನೆಂಟರು ಕೇಳಿದ ಪ್ರಶ್ನೆಯನ್ನು ಈಗ ಒಂದು ಆ್ಯಪ್ ಕೇಳಲು ಶುರು ಮಾಡಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಈ ವಿಮರ್ಶೆ ಆ ಆ್ಯಪ್ ಕುರಿತದ್ದು. ಹೆಸರು ಹೇಳುವುದಿಲ್ಲ; ಇಂಥವು ಹಲವಿವೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಕೆಲಸವನ್ನು ಒಂದೇ ಬಗೆಯಲ್ಲಿ ಮಾಡುತ್ತವೆ. ಮೊಬೈಲಿನಲ್ಲಿರುವ ಫೋಟೊಗಳನ್ನೆಲ್ಲ ಜಾಲಾಡಿ, ಮುಖಗಳನ್ನು ಹೆಕ್ಕಿ, ಯಾರ ಮುಖ ಯಾವುದೆಂದು ಗುಂಪು ಮಾಡಿಕೊಡುವ ಸೌಲಭ್ಯ. ನೀವು ಪ್ರತಿ ಗುಂಪಿಗೆ ಒಂದು ಹೆಸರು ಕೊಟ್ಟರೆ ಮುಗಿಯಿತು. ಆಮೇಲೆ ‘ಅಮ್ಮ’ ಎಂದು ಹುಡುಕಿದರೆ ಅಮ್ಮನ ಚಿತ್ರಗಳೆಲ್ಲ ಒಟ್ಟಿಗೆ ಬರುತ್ತವೆ.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಅದು ಈ ವಿಮರ್ಶೆಗೆ ಸಂಬಂಧಪಟ್ಟದ್ದು. ಮೂವತ್ತು ವರ್ಷಗಳಿಂದ ನಾನು ಪ್ರೂಫ್ ನೋಡುವ ಕೆಲಸ ಮಾಡುತ್ತಿದ್ದೇನೆ. ‘ದ’ದ ಹೊಟ್ಟೆ ಸೀಳಿದೆಯೋ ಇಲ್ಲವೋ, ‘ಪ’ ಇರಬೇಕಾದಲ್ಲಿ ‘ಷ’ ಕುಳಿತಿದೆಯೋ, ‘ವ’ ಇರಬೇಕಾದಲ್ಲಿ ‘ಪ’ ಬಂದಿದೆಯೋ ಎಂದು ನೋಡುವುದೇ ನನ್ನ ಹೊಟ್ಟೆಪಾಡು. ಒಂದರಂತೆ ಒಂದು ಕಾಣುವುದನ್ನು ಬೇರೆ ಮಾಡುವುದರಲ್ಲಿ ನನ್ನನ್ನು ಯಾರೂ ಮೀರಿಸಲಾರರು ಎಂಬ ಜಂಬ ನನಗಿತ್ತು. ‘ಇತ್ತು’ ಎಂದು ಬರೆದಿರುವುದು ಅಚ್ಚಿನ ತಪ್ಪಲ್ಲ.

ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಐದು ಆಲ್ಬಂ, ಎರಡು ಬಿಸ್ಕತ್ತಿನ ಡಬ್ಬಿ ತುಂಬ ಬಿಡಿ ಫೋಟೊಗಳು ಸಿಕ್ಕವು. ಸಂಜೆ ಕೆಲಸ ಮುಗಿಸಿದ ಮೇಲೆ ಒಂದೊಂದನ್ನೇ ಮೊಬೈಲಿನಿಂದ ಸ್ಕ್ಯಾನ್ ಮಾಡಿದೆ. ಒಟ್ಟು 1,840. ಇವುಗಳಲ್ಲಿ ಯಾರು ಯಾರೆಂದು ಅಕ್ಕ, ತಮ್ಮ, ನಾನು ಮೂವರೂ ಕೂತು ಹೇಳಲು ಹೋದರೆ ವರ್ಷ ಹಿಡಿದೀತು, ಜಗಳ ಬೇರೆ. ಆ್ಯಪ್‌ಗೆ ಒಪ್ಪಿಸಿದ್ದು ಅದಕ್ಕೇ.

ನಮ್ಮ ಮನೆಯಲ್ಲಿ ಮಗು ಹುಟ್ಟಿದ ಮರುಕ್ಷಣವೇ ಅದರ ಮುಖವನ್ನು ಆಸ್ತಿಯ ಹಾಗೆ ಪಾಲು ಮಾಡುತ್ತಾರೆ. ಮೂಗು ತಾತನದು, ಹಣೆ ದೊಡ್ಡಮ್ಮನದು, ಕಿವಿ ಮಾತ್ರ ಯಾರದೋ ಏನೋ. ಬಹುಶಃ ಎಲ್ಲರ ಮನೆಯಲ್ಲೂ ಹೀಗೆಯೇ. ಎಳೆ ಮಕ್ಕಳು ತಂದೆಯನ್ನೇ ಹೆಚ್ಚು ಹೋಲುತ್ತವೆ ಎಂದು 1995ರಲ್ಲಿ ಒಂದು ಅಧ್ಯಯನ ಹೇಳಿತ್ತು. ಕೇಳಿದವರಿಗೆಲ್ಲ ಹಿಡಿಸಿತು. ಆದರೆ ಬೇರೆ ಸಂಶೋಧಕರು ಅದೇ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಅಂಥದ್ದೇನೂ ಕಾಣಲಿಲ್ಲ. ನನ್ನ ವಿಷಯದಲ್ಲಂತೂ ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ಮೊದಲ ದಿನವೇ ಸುಳ್ಳಾಯಿತು. ‘ಅತ್ತೆಯ ಪಡಿಯಚ್ಚು’ ಎಂದು ತೀರ್ಪು ಬಂತು, ಮೇಲ್ಮನವಿಗೆ ಅವಕಾಶವಿರಲಿಲ್ಲ. ಕೆನ್ನೆಯ ಮೇಲೊಂದು ಮಚ್ಚೆ ಬೇರೆ ಇತ್ತಲ್ಲ, ಅತ್ತೆಗೂ ಕೆನ್ನೆಯ ಮೇಲೆ ಮಚ್ಚೆ. ‘ನೋಡಿ, ಮಚ್ಚೆ ಸಹಿತ ಇಳಿಸಿಕೊಂಡು ಬಂದಿದ್ದಾಳೆ’ ಎನ್ನುತ್ತಿದ್ದರು.

ಅತ್ತೆ ಕೆಟ್ಟವರಲ್ಲ. ಆದರೆ ಅವರು ಒಳಗೆ ಬಂದರೆ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಕಾಗದದಲ್ಲಿ ಕಾಗುಣಿತ ತಪ್ಪಿದರೆ ಉತ್ತರದ ಜೊತೆ ಆ ಕಾಗದವನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸುತ್ತಿದ್ದರು. (ಹೌದು, ನಾನು ಪ್ರೂಫ್ ನೋಡುತ್ತೇನೆ. ಗೊತ್ತು.) ನಾನು ಯಾವುದಕ್ಕೇ ಹಟ ಹಿಡಿದರೂ ಅಮ್ಮ ನಿಟ್ಟುಸಿರು ಬಿಟ್ಟು ‘ಅತ್ತೆಯ ಮುಖ, ಅತ್ತೆಯ ಬುದ್ಧಿ’ ಎನ್ನುತ್ತಿದ್ದಳು. ಹಾಗಲ್ಲ ಎಂದು ನನ್ನ ಪರ ನಿಲ್ಲುತ್ತಿದ್ದವಳು ಅಕ್ಕ ಒಬ್ಬಳೇ. ‘ನೀನು ಎಳ್ಳಷ್ಟೂ ಅವರ ಹಾಗಿಲ್ಲ ಕಣೇ, ಅವರಿಗೆಲ್ಲ ಕಣ್ಣು ಸರಿಯಿಲ್ಲ’ ಎಂದು ರಾತ್ರಿ ಕಿವಿಯಲ್ಲಿ ಹೇಳಿ ಮಲಗಿಸುತ್ತಿದ್ದಳು. ಆ ಮಾತನ್ನು ನಾನು ಐವತ್ತಾರು ವಯಸ್ಸಿನವರೆಗೂ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದೆ.

ಇರಲಿ, ಆ್ಯಪ್ ವಿಷಯಕ್ಕೆ ಬರೋಣ.

ಫೋಟೊಗಳನ್ನು ಹಾಕಿದ ಮೇಲೆ ಮೊಬೈಲನ್ನು ಚಾರ್ಜಿಗೆ ಹಚ್ಚಿ ಮಲಗಿದೆ. ಬೆಳಗ್ಗೆ ಎದ್ದರೆ 61 ಗುಂಪುಗಳು ಸಿದ್ಧ. ಇದು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದುಕೊಂಡರೆ ಇದರ ತಪ್ಪುಗಳು ಅರ್ಥವಾಗುತ್ತವೆ. ಮೊದಲು ಅದು ಚಿತ್ರದಲ್ಲಿ ಮುಖ ಎಲ್ಲಿದೆ ಎಂದು ಹುಡುಕುತ್ತದೆ. ಸಿಕ್ಕಿದ ಮುಖವನ್ನು ನೇರ ಮಾಡಿಕೊಂಡು, ಅದನ್ನು ಅಂಕಿಗಳ ಒಂದು ಸಾಲಾಗಿ ಬದಲಾಯಿಸುತ್ತದೆ. ಗೂಗಲ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ‘ಫೇಸ್‌ನೆಟ್’ ಎಂಬ ವಿಧಾನದಲ್ಲಿ ಒಂದು ಮುಖಕ್ಕೆ 128 ಅಂಕಿಗಳು. ಮೂಗಿನ ಉದ್ದ ಇಷ್ಟು, ಕಣ್ಣಿನ ಅಂತರ ಇಷ್ಟು ಎಂದು ಅಳತೆ ಪಟ್ಟಿ ಹಿಡಿದು ಬರೆದ ಅಂಕಿಗಳಲ್ಲ ಇವು. ಒಬ್ಬರವೇ ಎರಡು ಚಿತ್ರ, ಇನ್ನೊಬ್ಬರದೊಂದು ಚಿತ್ರ ಹೀಗೆ ಮೂರು ಮೂರಾಗಿ ತೋರಿಸುತ್ತಾ ‘ಇವೆರಡನ್ನು ಹತ್ತಿರ ತಾ, ಅದನ್ನು ದೂರ ತಳ್ಳು’ ಎಂದು ಲಕ್ಷಾಂತರ ಸಲ ಪಾಠ ಹೇಳಿದ ಮೇಲೆ ಯಂತ್ರ ತಾನೇ ಕಂಡುಕೊಂಡ ಅಂಕಿಗಳು. ಕೊನೆಗೆ ಉಳಿಯುವುದು ದೂರ ಮಾತ್ರ. ಎರಡು ಮುಖಗಳ ಅಂಕಿಗಳ ನಡುವಿನ ದೂರ ಒಂದು ಗೆರೆಗಿಂತ ಕಡಿಮೆಯಿದ್ದರೆ ಒಬ್ಬರೇ, ಹೆಚ್ಚಿದ್ದರೆ ಬೇರೆಯವರು, ಗೆರೆಯ ಮೇಲೆಯೇ ಇದ್ದರೆ ನಿಮ್ಮನ್ನು ಕೇಳುತ್ತದೆ.

ಆ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದರಲ್ಲೇ ಇರುವುದು ಎಲ್ಲ ತಕರಾರು. ಬಿಗಿಯಾಗಿ ಎಳೆದರೆ ಒಬ್ಬನೇ ಮನುಷ್ಯ ಮೂವರಾಗುತ್ತಾನೆ. ಸಡಿಲ ಮಾಡಿದರೆ ಅಕ್ಕತಂಗಿಯರು ಒಬ್ಬಳಾಗಿಬಿಡುತ್ತಾರೆ. ನನ್ನ ಯಜಮಾನರು ಮೂವರಾದರು. ಮೀಸೆ ಇದ್ದವರು ಒಬ್ಬರು, ಮೀಸೆ ತೆಗೆದವರು ಇನ್ನೊಬ್ಬರು, 2009ರಲ್ಲಿ ದಪ್ಪ ಕಟ್ಟಿನ ಕನ್ನಡಕ ಹಾಕಿಕೊಂಡವರು ಮತ್ತೊಬ್ಬರು. ಮೂರು ಗುಂಪುಗಳನ್ನೂ ತೋರಿಸಿ ಇವರಲ್ಲಿ ಯಾರನ್ನು ಇಟ್ಟುಕೊಳ್ಳಲಿ ಎಂದು ಕೇಳಿದೆ. ಕನ್ನಡಕದವನನ್ನು ಬಿಟ್ಟು ಯಾರನ್ನಾದರೂ ಎಂದರು. ಮೂರನ್ನೂ ಸೇರಿಸಿ ಒಂದು ಮಾಡುವುದು ಸುಲಭ, ಎರಡು ಸಲ ಒತ್ತಿದರೆ ಸಾಕು. ತಪ್ಪಾಗಿ ಸೇರಿಸಿದ್ದನ್ನು ಬಿಡಿಸುವುದು ಮಾತ್ರ ಕಷ್ಟ: ಒಂದೊಂದೇ ಚಿತ್ರ ಆರಿಸಿ ಹೊರಗೆ ಹಾಕಬೇಕು. ಎರಡು ಗುಂಪನ್ನು ಕೂಡಿಸಿದ ಮೇಲೆ ‘ಹಿಂದಿನಂತೆ ಮಾಡು’ ಎಂಬ ಗುಂಡಿ ಎಲ್ಲೂ ಇಲ್ಲ. ಇದು ದೊಡ್ಡ ಕೊರತೆ.

ಮಗುವಿನ ಚಿತ್ರಗಳಲ್ಲಿ ಆ್ಯಪ್ ಪೂರ್ತಿ ಸೋತಿತು. ತಮ್ಮನ ಅವಳಿ ಗಂಡುಮಕ್ಕಳು, ಅಕ್ಕನ ಮಗಳು, ಪಕ್ಕದ ಮನೆಯ ಯಾವುದೋ ಕೂಸು, ಎಲ್ಲರೂ ಒಂದೇ ಗುಂಪಿನಲ್ಲಿ. ಇದರ ಬಗ್ಗೆ ನನಗೆ ದೂರಿಲ್ಲ. ಆರು ತಿಂಗಳಿನವರೆಗೆ ಆ ಅವಳಿಗಳನ್ನು ತಮ್ಮನ ಹೆಂಡತಿಯೇ ಕಾಲಿಗೆ ಕಟ್ಟಿದ ದಾರ ನೋಡಿ ಗುರುತಿಸುತ್ತಿದ್ದಳು. ಮುಖ ನೋಡಿ ಬೀಗ ತೆರೆಯುವ ಫೋನನ್ನು 2017ರಲ್ಲಿ ತಂದ ಆ್ಯಪಲ್ ಕಂಪನಿ, ಅಪರಿಚಿತರೊಬ್ಬರ ಮುಖಕ್ಕೆ ಅದು ತೆರೆದುಕೊಳ್ಳುವ ಸಂಭವ 10 ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಎಂದು ಹೇಳಿಕೊಂಡಿತು. ಆದರೆ ಅವಳಿಗಳು, ಹೋಲುವ ಒಡಹುಟ್ಟಿದವರು, 13 ವರ್ಷದೊಳಗಿನ ಮಕ್ಕಳು ಈ ಲೆಕ್ಕಕ್ಕೆ ಸೇರುವುದಿಲ್ಲವೆಂದೂ ತಾನೇ ಹೇಳಿದೆ. ಮಕ್ಕಳ ಮುಖ ಇನ್ನೂ ಪೂರ್ತಿ ರೂಪುಗೊಂಡಿರುವುದಿಲ್ಲ ಎಂಬುದು ಕಾರಣ. ನೆಂಟರು ಪಾಲು ಹಂಚಲು ಅವಸರ ಮಾಡುವುದು ಸರಿಯಾಗಿ ಆ ವಯಸ್ಸಿನಲ್ಲಿ.

ಗಂಡ ಹೆಂಡತಿ ಜೊತೆಯಲ್ಲಿ ಬಾಳುತ್ತಾ ಬಾಳುತ್ತಾ ಒಂದೇ ಥರ ಕಾಣತೊಡಗುತ್ತಾರೆ ಎನ್ನುತ್ತಾರಲ್ಲ, ಅದಕ್ಕೂ ಒಂದು ಉತ್ತರ ಸಿಕ್ಕಿತು. 28 ವರ್ಷದ ನಮ್ಮ ದಾಂಪತ್ಯದ ಚಿತ್ರಗಳಲ್ಲಿ ಆ್ಯಪ್ ಒಂದೇ ಒಂದು ಸಲವೂ ನಮ್ಮಿಬ್ಬರನ್ನು ಒಬ್ಬರೆಂದುಕೊಂಡಿಲ್ಲ. ಈ ನಂಬಿಕೆಗೆ ವಿಜ್ಞಾನದ ಮುದ್ರೆ ಒತ್ತಿದ್ದು ರಾಬರ್ಟ್ ಝಾಯಾನ್ಸ್ ಎಂಬ ಮನಃಶಾಸ್ತ್ರಜ್ಞರ ತಂಡ, 1987ರಲ್ಲಿ. ಅವರು ನೋಡಿದ್ದು 12 ಜೋಡಿಗಳನ್ನು. 2020ರಲ್ಲಿ 517 ಜೋಡಿಗಳ ಹಳೆಯ, ಹೊಸ ಚಿತ್ರಗಳನ್ನಿಟ್ಟು ಮತ್ತೆ ಪರೀಕ್ಷಿಸಿದಾಗ, ದಂಪತಿಗಳು ಮೊದಲಿನಿಂದಲೇ ಸ್ವಲ್ಪ ಹೋಲುತ್ತಾರೆ, ಕಾಲ ಕಳೆದಂತೆ ಆ ಹೋಲಿಕೆ ಹೆಚ್ಚುವುದಿಲ್ಲ ಎಂದು ಗೊತ್ತಾಯಿತು. ಯಜಮಾನರಿಗೆ ಓದಿ ಹೇಳಿದೆ. ಸಮಾಧಾನವಾಯಿತು ಎಂದರು. ಯಾರಿಗೆ ಎಂದು ನಾನು ಕೇಳಲಿಲ್ಲ.

ಈಗ ಹೊಗಳಿಕೆ. ಡಬ್ಬಿಯ ತಳದಲ್ಲಿ ಶಾಲೆಯ ಗುಂಪು ಫೋಟೊ ಒಂದಿತ್ತು. ನಾಲ್ಕು ಸಾಲು ಮಕ್ಕಳು, ಒಂದೊಂದು ಮುಖವೂ ಹೆಸರುಕಾಳಿನಷ್ಟು, ಮೂಲೆ ಗೆದ್ದಲು ತಿಂದಿದೆ. ಯಾರದ್ದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಎಸೆಯುವುದರಲ್ಲಿದ್ದೆ. ಎರಡನೆಯ ಸಾಲಿನ ಎಡತುದಿಯಿಂದ ಮೂರನೆಯ ಹುಡುಗಿಯ ಮುಖಕ್ಕೆ ಆ್ಯಪ್ ವೃತ್ತ ಹಾಕಿ, ಪಕ್ಕದಲ್ಲಿ ಎಪ್ಪತ್ತು ವರ್ಷದ ಅಮ್ಮನ ಚಿತ್ರವಿಟ್ಟು, ಅದೇ ವ್ಯಕ್ತಿಯೇ ಎಂದು ಕೇಳಿತು. ಭೂತಗನ್ನಡಿ ತಂದು ನೋಡಿದೆ. ಎರಡೂ ಜಡೆ ಮುಂದಕ್ಕೆ ಹಾಕಿಕೊಂಡು, ಕ್ಯಾಮೆರಾ ನೋಡದೆ ಪಕ್ಕದ ಹುಡುಗಿಯ ಕಿವಿಯನ್ನು ನೋಡುತ್ತಿರುವ ಮಗು. ಅಮ್ಮನೇ. ಅವಳ ಬಾಲ್ಯದ ಒಂದೂ ಚಿತ್ರವಿಲ್ಲ ಎಂದು ನಾವು ಇಷ್ಟು ವರ್ಷ ನಂಬಿದ್ದೆವು. ಈ ಒಂದು ಕೆಲಸಕ್ಕೇ ಒಂದು ನಕ್ಷತ್ರ ಹೆಚ್ಚಿಗೆ ಕೊಟ್ಟಿದ್ದೇನೆ.

ಇದರ ಇನ್ನೊಂದು ಚಾಳಿಯೆಂದರೆ ಹಿನ್ನೆಲೆಯಲ್ಲಿ ಹಾದುಹೋದ ಅಪರಿಚಿತರಿಗೂ ಗುಂಪು ಕಟ್ಟುವುದು. ಬಸ್ ನಿಲ್ದಾಣದಲ್ಲಿ ತೆಗೆದ ಚಿತ್ರವೊಂದರ ಹಿಂದೆ ನಿಂತಿದ್ದ ಮನುಷ್ಯನೊಬ್ಬ, ನನ್ನ ಕಚೇರಿಯ ಸಹೋದ್ಯೋಗಿಯ ಗುಂಪಿನಲ್ಲಿ ಬಂದು ಕುಳಿತಿದ್ದ. ಸಹೋದ್ಯೋಗಿಗೆ ತೋರಿಸಿದರೆ ಅವರೇ ಒಂದು ನಿಮಿಷ ತಬ್ಬಿಬ್ಬಾದರು. ಆ ಚಿತ್ರ ತೆಗೆದಾಗ ಅವರಿಗೆ ನಾಲ್ಕು ವರ್ಷ. ಒಬ್ಬರ ಹಾಗೆ ಏಳು ಜನ ಇರುತ್ತಾರೆ ಎಂಬ ಮಾತಿದೆಯಲ್ಲ, ಅದರ ಬೆನ್ನು ಹತ್ತಿ ಕೆನಡಾದ ಛಾಯಾಗ್ರಾಹಕ ಫ್ರಾನ್ಸ್ವಾ ಬ್ರುನೆಲ್, ಸಂಬಂಧಿಕರಲ್ಲದ ತದ್ರೂಪಿಗಳನ್ನು ಹುಡುಕಿ ಜೊತೆಯಲ್ಲಿ ನಿಲ್ಲಿಸಿ ವರ್ಷಗಟ್ಟಲೆ ಚಿತ್ರ ತೆಗೆದರು. ಬಾರ್ಸಿಲೋನಾದ ಮನೆಲ್ ಎಸ್ಟೆಯೆರ್ ಎಂಬ ವಿಜ್ಞಾನಿಯ ತಂಡ ಆ ಜೋಡಿಗಳಲ್ಲಿ 32ನ್ನು ಆರಿಸಿ ಮೂರು ಬೇರೆ ಬೇರೆ ಮುಖ ಗುರುತಿಸುವ ತಂತ್ರಾಂಶಗಳಿಗೆ ಕೊಟ್ಟಿತು. 16 ಜೋಡಿಗಳು ಹೋಲುತ್ತವೆ ಎಂದು ಮೂರೂ ಒಪ್ಪಿದವು. ಅವರ ಜೊಲ್ಲಿನ ಮಾದರಿಯಿಂದ ವಂಶವಾಹಿಗಳನ್ನು ನೋಡಿದರೆ, ನೆಂಟರಲ್ಲದಿದ್ದರೂ ಮುಖಕ್ಕೆ ಸಂಬಂಧಿಸಿದ ಹಲವು ಅಂಶಗಳು ಒಂದೇ ಆಗಿದ್ದವು. ದೇಹದ ಸೂಕ್ಷ್ಮಜೀವಿಗಳು ಮಾತ್ರ ಬೇರೆ ಬೇರೆ. 2022ರಲ್ಲಿ ಇದು ಪ್ರಕಟವಾಯಿತು. ಜಗತ್ತಿನಲ್ಲಿ ಇಷ್ಟೊಂದು ಜನರಿರುವಾಗ ಅದೇ ಇಸ್ಪೀಟಿನ ಎಲೆಗಳು ಎಲ್ಲೋ ಮತ್ತೊಬ್ಬರ ಕೈಗೂ ಬೀಳುತ್ತವೆ, ಅಷ್ಟೇ.

ತಮ್ಮನಿಗೆ ಈ ಆ್ಯಪ್ ಎಂದರೆ ಆಗದು. ‘ನನ್ನ ಮುಖ ಅದಕ್ಕೆ ಏಕೆ ಬೇಕು?’ ಎಂದು ಕೇಳಿದ. ಕೇಳಬೇಕಾದ ಪ್ರಶ್ನೆಯೇ. 2021ರಲ್ಲಿ ಫೇಸ್‌ಬುಕ್ ತನ್ನ ಮುಖ ಗುರುತಿಸುವ ವ್ಯವಸ್ಥೆಯನ್ನು ನಿಲ್ಲಿಸಿ ನೂರು ಕೋಟಿಗೂ ಹೆಚ್ಚು ಜನರ ಮುಖದ ಅಚ್ಚುಗಳನ್ನು ಅಳಿಸುವುದಾಗಿ ಘೋಷಿಸಿತು. ಅಳಿಸುವುದಾಗಿ ಹೇಳುವವರೆಗೆ ಅಷ್ಟೊಂದು ಇಟ್ಟುಕೊಂಡಿದ್ದರು ಎಂಬುದೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ನಾನು ಬಳಸುವ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಮುಖದ ಗುಂಪು ಮಾಡುವುದನ್ನು ಪೂರ್ತಿ ನಿಲ್ಲಿಸುವ ಗುಂಡಿ ಇದೆ. ಹುಡುಕಲು ಮೂರು ಹಂತ ಒಳಗೆ ಹೋಗಬೇಕು. ಒಬ್ಬರನ್ನು ಮಾತ್ರ ‘ಮರೆಮಾಡು’ ಎನ್ನಬಹುದು, ತಮ್ಮನನ್ನು ಮರೆಮಾಡಿದ್ದೇನೆ. ಚಿತ್ರಗಳಲ್ಲಿ ಇದ್ದಾನೆ, ಪಟ್ಟಿಯಲ್ಲಿ ಇಲ್ಲ. ಇನ್ನೊಂದು ವಿಷಯವೂ ತಿಳಿದಿರಲಿ. ಅಳತೆ, ಮಾನದಂಡಗಳನ್ನು ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ 2019ರ ಡಿಸೆಂಬರಿನಲ್ಲಿ 189 ತಂತ್ರಾಂಶಗಳನ್ನು ಪರೀಕ್ಷಿಸಿ ವರದಿ ಕೊಟ್ಟಿತು. ಒಬ್ಬರನ್ನು ಇನ್ನೊಬ್ಬರೆಂದು ಬಗೆಯುವ ತಪ್ಪು ಏಷ್ಯಾ ಮತ್ತು ಆಫ್ರಿಕಾ ಮೂಲದವರ ಮುಖಗಳಲ್ಲಿ ಕೆಲವು ತಂತ್ರಾಂಶಗಳಿಗೆ 10ರಿಂದ 100 ಪಟ್ಟು ಹೆಚ್ಚಾಗಿತ್ತು. ಯಾರ ಮುಖಗಳನ್ನು ಹೆಚ್ಚು ನೋಡಿ ಕಲಿತಿಲ್ಲವೋ ಅವರೆಲ್ಲ ಒಂದೇ ಥರ ಕಾಣುತ್ತಾರೆ. ಈ ದೌರ್ಬಲ್ಯ ಯಂತ್ರಕ್ಕೆ ಬರುವ ಮೊದಲು ಮನುಷ್ಯರಿಗೇ ಇತ್ತು.

ಭಾಷೆಯ ಬಗ್ಗೆ ಹೇಳದಿದ್ದರೆ ನನ್ನ ವೃತ್ತಿಗೆ ಅವಮಾನ. ‘ಅದೇ ವ್ಯಕ್ತಿ ಅಥವಾ ವಿಭಿನ್ನ ವ್ಯಕ್ತಿ?’ ಎಂಬುದು ಕನ್ನಡದಲ್ಲಿ ಪ್ರಶ್ನೆಯೇ ಅಲ್ಲ. ಅದೋ ಇದೋ ಎಂದು ಕೇಳಿದ ಮೇಲೆ ಹೌದು, ಇಲ್ಲ ಎಂದು ಉತ್ತರ ಕೊಡುವುದಾದರೂ ಹೇಗೆ? ‘ಇವರಿಬ್ಬರೂ ಒಬ್ಬರೇ?’ ಎಂದರೆ ಸಾಕಿತ್ತು. ಗುಂಪುಗಳ ಪುಟಕ್ಕೆ ‘ಜನರು ಮತ್ತು ಮುದ್ದುಪ್ರಾಣಿಗಳು’ ಎಂದು ಹೆಸರಿಟ್ಟಿದ್ದಾರೆ; ಅಲ್ಲಿ ಅತ್ತೆಯ ಪಕ್ಕದಲ್ಲಿ ನಮ್ಮ ಹಳೆಯ ನಾಯಿ ಕೂತಿದೆ. ಅತ್ತೆ ಇದ್ದಿದ್ದರೆ ಕೆಂಪು ಶಾಯಿ ಖರ್ಚಾಗುತ್ತಿತ್ತು.

ಮುಖ ಕಾಣದ ಚಿತ್ರಗಳಲ್ಲಿ ಇದು ಕುರುಡು. ಬಾಗಿಲಿಗೆ ಒರಗಿ, ಬೆನ್ನು ಮಾಡಿ ನಿಂತು, ಕನ್ನಡಕವನ್ನು ತಲೆಯ ಮೇಲೇರಿಸಿ ಎಡಗೈಯನ್ನು ಸೊಂಟದ ಹಿಂದೆ ಮಡಚಿಟ್ಟ ಹೆಂಗಸೊಬ್ಬಳ ಚಿತ್ರವಿದೆ. ಅತ್ತೆ ಎಂದು ನಾವು ಮೂವರೂ ಕಣ್ಣು ಮಿಟುಕಿಸದೆ ಹೇಳುತ್ತೇವೆ. ಆ್ಯಪ್‌ಗೆ ಅಲ್ಲಿ ಯಾರೂ ಇಲ್ಲ. ನಾನು ಕೂಡ ಪ್ರೂಫ್ ಮುಗಿಸಿ ಎದ್ದಾಗ ಹಾಗೆಯೇ ನಿಲ್ಲುತ್ತೇನಂತೆ. ಯಜಮಾನರು ಹೇಳಿದ್ದು.

ಇನ್ನು ನನ್ನ ಮಾನ ಹೋದ ಕಥೆ.

ಮೂರನೆಯ ತಿಂಗಳಿನಲ್ಲಿ, ಅತ್ತೆಯ ಗುಂಪನ್ನು ಹೀಗೇ ನೋಡುತ್ತಿದ್ದಾಗ ಅದರೊಳಗೆ ನನ್ನದೊಂದು ಫೋಟೊ ಕಂಡಿತು. ಕಪ್ಪು ಬಿಳುಪು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಬರೆಯುವುದನ್ನು ನಿಲ್ಲಿಸಿ ಕ್ಯಾಮೆರಾ ಕಡೆಗೆ ನೇರ ನೋಡುತ್ತಿದ್ದೇನೆ. ಕೈಯಲ್ಲಿ ಪೆನ್ನು, ಕೆನ್ನೆಯ ಮೇಲೆ ಮಚ್ಚೆ, ಯಾರೋ ಕರೆದು ತೊಂದರೆ ಕೊಟ್ಟರು ಎಂಬ ಕಿರಿಕಿರಿ ಹುಬ್ಬಿನಲ್ಲಿ. ಹಿಂದೆ ಗೋಡೆ ಗಡಿಯಾರ. ಇಪ್ಪತ್ತು ವರ್ಷದವಳಿರಬಹುದು, ಅಂದರೆ 1988. ನಮ್ಮ ಮನೆಯ ಹಳೆಯ ಕ್ಯಾಮೆರಾದಲ್ಲಿ ಆಗಿನ್ನೂ ಕಪ್ಪು ಬಿಳುಪು ರೀಲು ಹಾಕುತ್ತಿದ್ದರು. ತೆಗೆದ ಕ್ಷಣ ನೆನಪಾಗಲಿಲ್ಲ, ಆದರೆ ಮುಖದಲ್ಲಿ ಸಂಶಯವೇ ಇರಲಿಲ್ಲ. ದಿನಾ ನೋಡುವ ಮುಖ. ಆಹಾ, ಸಿಕ್ಕಿಬಿದ್ದೆ ಎಂದು ಆ್ಯಪ್‌ಗೆ ಹೇಳಿ, ಆ ಚಿತ್ರವನ್ನು ಅಲ್ಲಿಂದ ತೆಗೆದು ನನ್ನ ಗುಂಪಿಗೆ ಹಾಕಿದೆ. ಇಷ್ಟು ಸುಲಭದ್ದೂ ತಪ್ಪುವ ಯಂತ್ರಕ್ಕೆ ಎರಡು ನಕ್ಷತ್ರ ಸಾಕು ಎಂದು ವಿಮರ್ಶೆಯ ಮೊದಲ ಕರಡನ್ನೂ ಬರೆದೆ.

ಹತ್ತು ದಿನದ ಮೇಲೆ ಮೂಲ ಫೋಟೊಗಳನ್ನು ಲಕೋಟೆಗೆ ಹಾಕುತ್ತಿದ್ದೆ. ಅದೇ ಚಿತ್ರ ಕೈಗೆ ಬಂತು. ತಿರುಗಿಸಿದೆ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ, ಅಪ್ಪನ ಅಕ್ಷರದಲ್ಲಿ ‘ಅಕ್ಕ’ ಎಂದಿತ್ತು, ಅದರ ಕೆಳಗೆ 1961. ನಾನು ಹುಟ್ಟಿದ್ದು 1968ರಲ್ಲಿ.

ಮೊದಲು ಅಪ್ಪನದೇ ತಪ್ಪಿರಬೇಕು ಎಂದುಕೊಂಡೆ. ಆಮೇಲೆ ಮೇಜಿನ ದೀಪ ಹಚ್ಚಿ, ಈ ಚಿತ್ರ ಮತ್ತು ಇಪ್ಪತ್ತರ ವಯಸ್ಸಿನ ನನ್ನ ಇನ್ನೊಂದು ಚಿತ್ರವನ್ನು ಪಕ್ಕ ಪಕ್ಕ ಇಟ್ಟು, ಮೂಲಪ್ರತಿಯನ್ನೂ ಪ್ರೂಫನ್ನೂ ನೋಡುವ ಹಾಗೆ ಸಾಲು ಸಾಲಾಗಿ ನೋಡಿದೆ. ಹುಬ್ಬು, ಸರಿ. ಮೂಗು, ಸರಿ. ಮಚ್ಚೆ. ಮಚ್ಚೆ ಈ ಚಿತ್ರದಲ್ಲಿ ಎಡಭಾಗಕ್ಕಿದೆ, ಆ ಚಿತ್ರದಲ್ಲಿ ಬಲಭಾಗಕ್ಕೆ. ಚಿತ್ರವನ್ನು ತಿರುಗುಮುರುಗಾಗಿ ಅಚ್ಚು ಹಾಕಿದ್ದಾರೆಯೇ? ಇಲ್ಲ, ಗೋಡೆ ಗಡಿಯಾರದ ಅಂಕಿಗಳು ನೆಟ್ಟಗಿವೆ. ಅಂದರೆ ನನ್ನ ಮಚ್ಚೆ ಎಡಗೆನ್ನೆಯ ಮೇಲೆ, ಅತ್ತೆಯದು ಬಲಗೆನ್ನೆಯ ಮೇಲೆ. ಮಚ್ಚೆ ಸಹಿತ ಇಳಿಸಿಕೊಂಡು ಬಂದಿದ್ದಾಳೆ ಎಂದವರಲ್ಲಿ ಒಬ್ಬರೂ ಐವತ್ತು ವರ್ಷದಲ್ಲಿ ಇದನ್ನು ಗಮನಿಸಿರಲಿಲ್ಲ. ಪ್ರೂಫ್ ನೋಡುವ ನಾನೂ.

ಹಾಗಾದರೆ ಅದು ನನ್ನದೇ ಮುಖ ಎಂದು ನನಗೆ ಅಷ್ಟು ಖಡಾಖಂಡಿತವಾಗಿ ಅನ್ನಿಸಿದ್ದು ಏಕೆ? ಎದ್ದು ಹೋಗಿ ಕನ್ನಡಿ ನೋಡಿದೆ. ಎಡಗೆನ್ನೆಯ ಮಚ್ಚೆ ಕನ್ನಡಿಯ ಎಡಭಾಗದಲ್ಲಿತ್ತು. ಅತ್ತೆಯ ಬಲಗೆನ್ನೆಯ ಮಚ್ಚೆಯೂ ಫೋಟೊದ ಎಡಭಾಗದಲ್ಲೇ. ನನ್ನ ಮುಖವನ್ನು ನಾನು ದಿನಾ ನೋಡುವುದು ಕನ್ನಡಿಯಲ್ಲಿ, ತಿರುಗುಮುರುಗಾಗಿ. ಹಾಗಾಗಿ ನನ್ನ ಯಾವ ಫೋಟೊದಲ್ಲೂ ನಾನು ನನಗೆ ಪೂರ್ತಿ ನಾನಾಗಿ ಕಂಡಿಲ್ಲ. ಎಲ್ಲೋ ಏನೋ ಸೊಟ್ಟ ಎನ್ನಿಸುತ್ತಿತ್ತು. ನಾನು ಹುಟ್ಟುವ ಏಳು ವರ್ಷ ಮೊದಲು ತೆಗೆದ ಅತ್ತೆಯ ಚಿತ್ರ ಮಾತ್ರ ನನ್ನ ಕನ್ನಡಿಗೆ ಸರಿಯಾಗಿ ಹೊಂದಿಕೊಂಡಿತು.

ಒಮ್ಮೆ ಮನಃಶಾಸ್ತ್ರದ ಪಠ್ಯಪುಸ್ತಕವೊಂದರ ಪ್ರೂಫ್ ನೋಡುವಾಗ ಇದರ ಬಗ್ಗೆ ಓದಿದ್ದೆ, ಕಾಗುಣಿತ ನೋಡುವ ಭರದಲ್ಲಿ ಅರ್ಥ ತಲೆಗೆ ಹೋಗಿರಲಿಲ್ಲ. 1977ರ ಪ್ರಯೋಗ. ಯುವತಿಯರ ಮುಖದ ಎರಡು ಪ್ರತಿ ಮಾಡಿಸಿದರು, ಒಂದು ಇದ್ದ ಹಾಗೆ, ಇನ್ನೊಂದು ಕನ್ನಡಿಯಲ್ಲಿ ಕಾಣುವ ಹಾಗೆ. ಯಾವುದು ಇಷ್ಟ ಎಂದು ಕೇಳಿದರೆ ಅವರು ಹೆಚ್ಚಾಗಿ ಕನ್ನಡಿಯ ಪ್ರತಿಯನ್ನು ಆರಿಸಿದರು, ಅವರ ಆಪ್ತರು ಇದ್ದ ಹಾಗಿರುವುದನ್ನು. ಹೆಚ್ಚು ನೋಡಿದ್ದೇ ಹೆಚ್ಚು ಹಿಡಿಸುತ್ತದೆ ಎಂಬುದು ವಿವರಣೆ. ಆ ತತ್ತ್ವವನ್ನು 1968ರಲ್ಲಿ ಮಂಡಿಸಿದವರು, ದಂಪತಿಗಳ ಮುಖ ನೋಡಿದ ಅದೇ ಝಾಯಾನ್ಸ್. ಈ ಮನುಷ್ಯ ನನ್ನನ್ನು ಬಿಡುವಂತೆ ಕಾಣುವುದಿಲ್ಲ.

ಆ ಚಿತ್ರವನ್ನು ಅತ್ತೆಯ ಗುಂಪಿಗೆ ಹಿಂದಿರುಗಿಸಿದೆ. ಆ್ಯಪ್ ಏನೂ ಅನ್ನಲಿಲ್ಲ. ನೆಂಟರಾಗಿದ್ದರೆ ‘ನಾವು ಹೇಳಿರಲಿಲ್ಲವೇ’ ಎನ್ನುತ್ತಿದ್ದರು. ಈ ಸೌಜನ್ಯಕ್ಕೂ ಅಂಕ ಕೊಡಬೇಕು.

ಒಟ್ಟು ಐದರಲ್ಲಿ ನಾಲ್ಕು ನಕ್ಷತ್ರ. ಕೂಡಿಸಿದ್ದನ್ನು ಬಿಡಿಸುವ ಗುಂಡಿ ಇಲ್ಲದ್ದಕ್ಕೆ ಅರ್ಧ, ಕನ್ನಡಕ್ಕೆ ಅರ್ಧ ಕಳೆದಿದ್ದೇನೆ. ಹಳೆಯ ಫೋಟೊಗಳ ರಾಶಿ ಇರುವವರು ಧಾರಾಳವಾಗಿ ಬಳಸಬಹುದು. ಆದರೆ ಸ್ಕ್ಯಾನ್ ಮಾಡುವಾಗ ಫೋಟೊದ ಹಿಂಬದಿಯನ್ನೂ ಮಾಡಿ. ನಾನು ಮಾಡಿರಲಿಲ್ಲ.

ಮೊನ್ನೆ ಒಂದು ಕಿತಾಪತಿ ಮಾಡಿದೆ. ಸೆಲ್ಫಿ ತೆಗೆದು, ಇದ್ದ ಹಾಗೆ ಒಂದು ಪ್ರತಿ, ಎಡಬಲ ಅದಲು ಬದಲು ಮಾಡಿ ಇನ್ನೊಂದು ಪ್ರತಿ ಉಳಿಸಿಕೊಂಡೆ. ಆ್ಯಪ್ ಏನನ್ನೂ ಕೇಳದೆ ಎರಡನ್ನೂ ನನ್ನ ಗುಂಪಿಗೆ ಹಾಕಿತು. ಆಮೇಲೆ ಅದಲು ಬದಲಾದದ್ದನ್ನು ಕಪ್ಪು ಬಿಳುಪಾಗಿಸಿ, ಮುಖವಷ್ಟೇ ಉಳಿಯುವಂತೆ ಸುತ್ತಲೂ ಕತ್ತರಿಸಿ, ಏನೂ ಬರೆಯದೆ ಅಕ್ಕನಿಗೆ ಕಳಿಸಿದೆ. ಎರಡು ನಿಮಿಷದಲ್ಲಿ ಅವಳ ಉತ್ತರ ಬಂತು: ‘ಅತ್ತೆಯ ಈ ಫೋಟೊ ಯಾವ ಆಲ್ಬಂನಲ್ಲಿತ್ತು? ನಾನು ನೋಡಿಯೇ ಇರಲಿಲ್ಲವಲ್ಲೇ.’

ಇನ್ನೂ ಉತ್ತರ ಬರೆದಿಲ್ಲ.